ಒಂದೇ ಸಲ ಓಡುವ ಟೇಪು

ಬೆಳಗಿನ ಐದೂಕಾಲು. ಕಿಂಗ್‌ಸ್ಟನ್ನಿನ ಪಶ್ಚಿಮದ ಓಣಿಯೊಂದರಲ್ಲಿ, ತಗಡಿನ ಮಾಡಿನ ಒಂಟಿ ಕೋಣೆಯೊಳಗೆ ವೆರೋನಾ ಟುಲಕ್ ಮರದ ಪೆಟ್ಟಿಗೆಯ ಬಾಗಿಲು ತೆಗೆಯುತ್ತಾರೆ. ಒಳಗೆ ಊಟದ ತಟ್ಟೆಯಷ್ಟು ಅಗಲದ ಟೇಪಿನ ಸುರುಳಿ. ಎಂಟು ಗಂಟೆ ಹದವಾದ ಶಾಖದಲ್ಲಿದ್ದು, ಮತ್ತೆಂಟು ಗಂಟೆ ಆರಿದೆ. ಅಂಚನ್ನು ಕಿರುಬೆರಳಿನಿಂದ ಮುಟ್ಟಿ ನೋಡುತ್ತಾರೆ. ಅಂಟುತ್ತಿಲ್ಲ.

"ಇದು ಕೋಳಿಮರಿ ಮಾಡಿಸೋ ಪೆಟ್ಟಿಗೆ ಆಗಿತ್ತು. ನಾನೇ ಬಲ್ಬು ಬದಲಾಯಿಸಿ ಫ್ಯಾನ್ ಕೂರಿಸ್ದೆ" ಎನ್ನುತ್ತಾರೆ. ಬೇರೆ ದಿನ ಈ ಮಾತಿಗೆ ಅವರೇ ಮೊದಲು ನಗುತ್ತಾರಂತೆ. ಇವತ್ತು ಕಣ್ಣು ಗಡಿಯಾರದ ಮೇಲಿದೆ. ಆರೂವರೆಗೆ ಪಕ್ಕದ ವೆಲ್ಡಿಂಗ್ ಅಂಗಡಿ ತೆರೆಯುತ್ತದೆ. ಅಲ್ಲಿ ಕಿಡಿ ಹಾರಿದರೆ ಇಲ್ಲಿ ಕರೆಂಟು ಕುಗ್ಗುತ್ತದೆ, ಕರೆಂಟು ಕುಗ್ಗಿದರೆ ಟೇಪಿನ ಓಟ ತಪ್ಪುತ್ತದೆ.

ಗೋಡೆಗೊರಗಿ ಕುಳಿತಿರುವವರು ಬೊಂಗೊ ಜೇಡೋಕ್. ಎಂಬತ್ತೆರಡರ ರಾಸ್ತಾ ಪಂಥದ ಹಿರಿಯ, ನೆರೆತ ಜಡೆಗಳನ್ನು ಉಣ್ಣೆಯ ಟೊಪ್ಪಿಯೊಳಗೆ ಕಟ್ಟಿದ್ದಾರೆ. ಬೆಟ್ಟದ ಮೇಲಿನ ಶಿಬಿರದಿಂದ ಈ ಸುರುಳಿಯನ್ನು ಅಕ್ಕಿಚೀಲದಲ್ಲಿ ಸುತ್ತಿ ತಂದವರು ಅವರೇ. 1978ರಲ್ಲಿ ಆ ಶಿಬಿರದಲ್ಲಿ ಆರು ಜನ ಕೂತು ಡೋಲು ಬಾರಿಸಿ ಸ್ತುತಿ ಹಾಡಿದ್ದರು. ಅದರ ಗುರುತಾಗಿ ಉಳಿದಿರುವುದು ಇದೊಂದೇ, ಆ ಆರರಲ್ಲಿ ಉಳಿದಿರುವವರೂ ಇವರೊಬ್ಬರೇ. ದೊಡ್ಡ ಡೋಲು ಎದೆಬಡಿತ ಹಿಡಿಯುತ್ತದೆ, ಮಾತಾಡುವುದು ಎಲ್ಲಕ್ಕಿಂತ ಚಿಕ್ಕ ಡೋಲು. ಅದನ್ನು ಬಾರಿಸುತ್ತಿದ್ದವನು ಅವರ ತಮ್ಮ ಜೇಬೆಜ್.

ಹೋದ ವರ್ಷ ಜಪಾನಿನ ಒಸಾಕಾದಿಂದ ನಾಲ್ವರು ಶಿಬಿರಕ್ಕೆ ಬಂದಿದ್ದರು. ತಾವೇ ಮಾಡಿಕೊಂಡ ಡೋಲು ತಂದು ಶ್ರದ್ಧೆಯಿಂದ ಬಾರಿಸಿದರು. "ಎಲ್ಲಾ ಸರಿ ಇತ್ತು, ಜೇಬೆಜ್‌ನ ಏಟು ಮಾತ್ರ ಇರಲಿಲ್ಲ" ಎನ್ನುತ್ತಾರೆ ಜೇಡೋಕ್. "ನಮ್ಮ ಹುಡುಗರ ಕೈಲೂ ಇಲ್ಲ. ಅವರು ಕಲಿತದ್ದು ಫೋನಿನಿಂದ, ಫೋನಿಗೆ ಹಾಕಿದೋರು ಲಂಡನ್ನಿನೋರು. ಬಾಯಲ್ಲಿ ಹೇಳೋಕೆ ಬರಲ್ಲ. ಕೈಯಲ್ಲಿ ತೋರ್ಸೋಣ ಅಂದ್ರೆ ಬೆರಳು ಮಡಚಲ್ಲ."

ವೆರೋನಾಗೆ ಈಗ ಅರವತ್ತಮೂರು. ಹತ್ತೊಂಬತ್ತರಲ್ಲಿ ಒಂದು ಧ್ವನಿಮುದ್ರಣ ಸ್ಟುಡಿಯೋಗೆ ಕಸ ಗುಡಿಸಲು ಸೇರಿದವರು. ಕತ್ತರಿಸಿದ ಟೇಪನ್ನು ಓರೆಯಾಗಿ ಜೋಡಿಸಿ ಅಂಟಿಸುವುದನ್ನು ಬಾಗಿಲ ಸಂದಿಯಿಂದ ನೋಡಿ ಕಲಿತರು. ಒಂದು ದಿನ ಎಂಜಿನಿಯರ್ ಕುಡಿದು ಬಂದಾಗ ಆ ಕೆಲಸ ಇವರ ಕೈಗೆ ಬಂತು, ಮತ್ತೆ ಹೋಗಲಿಲ್ಲ. ಸ್ಟುಡಿಯೋ ಮುಚ್ಚಿದಾಗ ಸುರುಳಿಗಳನ್ನು ತಿಪ್ಪೆಗೆ ಸಾಗಿಸಲು ಲಾರಿ ಬಂದಿತ್ತು. ಕೈಗಾಡಿಯಲ್ಲಿ ಒಂಬತ್ತು ಸುತ್ತು ಹೊಡೆದು ಮನೆಗೆ ತಂದರು. ಚಂಡಮಾರುತಕ್ಕೆ ಮಾಡು ಹಾರಿದ ವಾರ ಸುರುಳಿಗಳು ಮಂಚದ ಮೇಲೆ, ಅವರು ನೆಲದ ಮೇಲೆ.

ಈವರೆಗೆ ನಾನೂರ ಹನ್ನೆರಡು ಸುರುಳಿಗಳಿಗೆ ಮರುಜೀವ ಬಂದಿದೆ. ಹದಿನೇಳು ಕೈಬಿಟ್ಟು ಹೋಗಿವೆ. ಆ ಹದಿನೇಳರ ಹೆಸರನ್ನೂ ಅವರು ನಿದ್ದೆಯಲ್ಲಿ ಕೇಳಿದರೂ ಹೇಳಬಲ್ಲರು. ಇಲ್ಲಿಂದ ಹೋದ ಹಾಡುಗಳು ಪ್ಯಾರಿಸ್, ಲಾಗೋಸ್, ಟೋಕಿಯೋಗಳಲ್ಲಿ ಹೊಸ ರೆಕಾರ್ಡು ತಟ್ಟೆಗಳಾಗಿ ಬಂದಿವೆ. ಹೊದಿಕೆಯ ಮೇಲೆ ಅವರ ಹೆಸರಿಲ್ಲ.

ಸೆಖೆಯ ಊರಿನಲ್ಲಿ ಹಳೆಯ ಟೇಪು ತೇವ ಕುಡಿಯುತ್ತದೆ. ಸದ್ದನ್ನು ಹಿಡಿದಿಟ್ಟ ಕಂದು ಲೇಪ ಬೆಲ್ಲದ ಪಾಕದಂತೆ ಅಂಟಾಗುತ್ತದೆ. ಶಾಖ ಕೊಟ್ಟರೆ ಕೆಲವು ದಿನ ಗಟ್ಟಿಯಾಗುತ್ತದೆ. ಆದರೆ ಈ ಸುರುಳಿ ತೀರಾ ಕೆಟ್ಟಿದೆ. ಎರಡನೇ ಸಲ ಓಡುತ್ತದೆಂದು ಮಾತು ಕೊಡಲಾರೆ ಎಂದು ಅವರು ಹಿರಿಯರಿಗೆ ಮೊದಲೇ ಹೇಳಿಬಿಟ್ಟಿದ್ದಾರೆ.

ಐದೂ ನಲವತ್ತಕ್ಕೆ ಯಂತ್ರ ತಿರುಗುತ್ತದೆ, ಸದ್ದು ಪಕ್ಕದ ಕಂಪ್ಯೂಟರಿಗೆ ಇಳಿಯತೊಡಗುತ್ತದೆ. ದೊಡ್ಡ ಡೋಲು, ಆಮೇಲೆ ಗಂಡಸರ ದನಿಗಳು. ಜೇಡೋಕ್ ಕಣ್ಣು ಮುಚ್ಚುತ್ತಾರೆ. ಹನ್ನೊಂದನೇ ನಿಮಿಷಕ್ಕೆ ಪಟ್ಟೆಂದು ಹಳೆಯ ಜೋಡಣೆಯೊಂದರ ಅಂಟು ಬಿಡುತ್ತದೆ, ಟೇಪಿನ ತುದಿ ಗಾಳಿಯಲ್ಲಿ ಬಡಿದುಕೊಳ್ಳುತ್ತದೆ. ವೆರೋನಾ ಬಿಚ್ಚುವ, ಸುತ್ತುವ ಎರಡೂ ಸುರುಳಿಗಳನ್ನು ಅಂಗೈಯಿಂದ ಒತ್ತಿ ನಿಲ್ಲಿಸುತ್ತಾರೆ. ಒಂದು ಬಿಟ್ಟರೆ ಉಳಿದವೂ ಬಿಡುತ್ತವೆ. ಮುಂದೆ ಇನ್ನೂ ಎಂಟು ಜೋಡಣೆಗಳಿವೆ. ಒಂದೊಂದನ್ನೂ ಬಿಡಿಸಿ, ಒರೆಸಿ, ಹೊಸದಾಗಿ ಅಂಟಿಸುತ್ತಾರೆ. ಕೊನೆಯದು ಮುಗಿಯುವಾಗ ಆರೂ ಇಪ್ಪತ್ತೆಂಟು. ಪಕ್ಕದ ಶಟರ್ ಸದ್ದು ಮಾಡುತ್ತದೆ.

ಬರಿಗಾಲಲ್ಲೇ ಅವರು ಓಡುತ್ತಾರೆ. ವೆಲ್ಡರ್ ಲೆಬರ್ಟ್ ಏಳು ಗಂಟೆಗೆ ಒಂದು ಗೇಟು ಕೊಡಬೇಕು.

"ಏನ್ ಮಿಸ್ ವೆರೋ, ಮತ್ತೆ ಸತ್ತೋರನ್ನ ಎಬ್ಬಿಸ್ತಾ ಇದೀಯಾ?"

"ಇಪ್ಪತ್ತು ನಿಮಿಷ ಸುಮ್ನಿರು. ಎದ್ದು ಬಂದ್ರೆ ನಿನಗೂ ಪರಿಚಯ ಮಾಡಿಸ್ತೀನಿ."

ಲೆಬರ್ಟ್ ಗೊಣಗುತ್ತಾನೆ, ಗೇಟಿನವನಿಂದ ಬೈಗುಳ ತಿನ್ನಬೇಕಾದವನು ತಾನು ಎನ್ನುತ್ತಾನೆ. ಆದರೂ ಸ್ವಿಚ್ಚು ಆರಿಸಿ, ಕೈಕಟ್ಟಿ ಇವರ ಹೊಸ್ತಿಲಲ್ಲಿ ಬಂದು ನಿಲ್ಲುತ್ತಾನೆ.

ಟೇಪು ಮತ್ತೆ ಓಡುತ್ತದೆ. ಇಪ್ಪತ್ತಾರನೇ ನಿಮಿಷಕ್ಕೆ ಚಿಕ್ಕ ಡೋಲು ಉಳಿದವುಗಳಿಂದ ಬಿಡಿಸಿಕೊಂಡು ಮೇಲೇಳುತ್ತದೆ. "ಬಂದ" ಎನ್ನುತ್ತಾರೆ ಜೇಡೋಕ್, ಅಷ್ಟೇ. ಅದೇ ಹೊತ್ತಿಗೆ ಟೇಪು ಕೀರಲು ದನಿ ತೆಗೆಯುತ್ತದೆ. ಲೇಪ ಮತ್ತೆ ಅಂಟುತ್ತಿದೆ. ನಿಲ್ಲಿಸಿದರೆ ನಿಂತಲ್ಲೇ ಹತ್ತಿಕೊಳ್ಳುತ್ತದೆ, ಬಿಟ್ಟರೆ ಸುಲಿಯುತ್ತದೆ.

ವೆರೋನಾ ನಿಲ್ಲಿಸುವುದಿಲ್ಲ. ಬಿಚ್ಚುವ ಸುರುಳಿಗೆ ತೋರುಬೆರಳು ಕೊಟ್ಟು ಬಿಗಿ ಸಡಿಲಿಸುತ್ತಾ, ಕೂದಲೆಳೆಯಷ್ಟು ಹೆಚ್ಚು-ಕಡಿಮೆ ಮಾಡುತ್ತಾ ಅದನ್ನು ನಡೆಸುತ್ತಾರೆ. ಬೆರಳ ಚರ್ಮ ಕೆಂಪಾಗುತ್ತದೆ. ಎರಡು ನಿಮಿಷ. ಕೀರಲು ಇಳಿಯುತ್ತದೆ, ಡೋಲು ಉಳಿಯುತ್ತದೆ. ಕಡೆಗೆ ಸದ್ದು ಮಸುಕಾಗಿ, ಇಲ್ಲವಾಗುತ್ತದೆ.

ಲೇಪ ಸುಲಿದು ಸುರುಳಿಯ ಕೊನೆಯ ಭಾಗ ಗಾಜಿನಂತೆ ಪಾರದರ್ಶಕ. ಅಲ್ಲಿ ಇನ್ನೇನೂ ಇಲ್ಲ. ವೆರೋನಾ ಮುಚ್ಚಿಡುವುದಿಲ್ಲ. "ಕೊನೇ ನಲವತ್ತು ಸೆಕೆಂಡು ಹೋಯ್ತು, ಬೊಂಗೊ. ಪ್ರಾರ್ಥನೆ ಇದ್ದ ಜಾಗ. ನನ್ನ ಕೈಲಿ ಆಗ್ಲಿಲ್ಲ."

"ಪ್ರಾರ್ಥನೆ ನನಗೆ ಬಾಯಿಪಾಠ, ಮಗಳೇ" ಎನ್ನುತ್ತಾರೆ ಹಿರಿಯರು. " ಏಟು ಸಿಕ್ಕಿತಲ್ಲ."

ಏಟು ಈಗ ಕಂಪ್ಯೂಟರಿನಲ್ಲಿದೆ. ವೆರೋನಾ ಅದನ್ನು ಮತ್ತೆ ಮತ್ತೆ ಹಾಕುತ್ತಾರೆ. ಜೇಡೋಕ್ ಮಡಚಲಾಗದ ಬೆರಳುಗಳನ್ನು ಮೊಣಕಾಲ ಮೇಲಿಟ್ಟು ಕೇಳುತ್ತಾರೆ. ಲೆಬರ್ಟ್ ಗೇಟು ಮರೆತು ಇನ್ನೊಂದು ಸಲ ಕೇಳಿ ಹೋಗುತ್ತಾನೆ.

ತಟ್ಟೆಯ ಹೊದಿಕೆಯ ಮೇಲೆ ತಮ್ಮ ಹೆಸರು ಬರಲಿ ಎಂದು ಅನಿಸುವುದಿಲ್ಲವೇ ಎಂಬ ಪ್ರಶ್ನೆಗೆ ವೆರೋನಾ ಸುಟ್ಟ ಬೆರಳನ್ನು ತಣ್ಣೀರಲ್ಲಿ ಅದ್ದುತ್ತಾ ಉತ್ತರಿಸುತ್ತಾರೆ:

"ಬಂದ್ರೆ ಬೇಡ ಅನ್ನಲ್ಲ. ಆದ್ರೆ ಮಿನಿಬಸ್ಸಿನ ರೇಡಿಯೋದಲ್ಲಿ ನಾನು ಜೋಡಿಸಿದ ಹಾಡು ಬರುತ್ತೆ, ಜನ ಎಲ್ಲ ಗುನುಗ್ತಾ ಇರ್ತಾರೆ. ಅಂಟಿಸಿರೋ ಜಾಗ ಬರುತ್ತೆ, ಹೋಗುತ್ತೆ. ಒಬ್ಬರಿಗೂ ಗೊತ್ತಾಗಲ್ಲ. ಗೊತ್ತಾದ್ರೆ ನನ್ನ ಕೆಲಸ ಕೆಟ್ಟಿದೆ ಅಂತ."