ಬೇಲಿಯಾಚೆಯ ಬಾವಿ

ಪೆನ್ಸಿಲ್ವೇನಿಯಾದ ಆ ಗುಡ್ಡದಲ್ಲಿ ಅನಿಲದ ಬಾವಿ ಕೊರೆಯತೊಡಗಿದ ಮೇಲೆ ಓರ್ಫಾ ಕುಂಕಲ್ ಅಜ್ಜಿಗೆ ಹಾಲು ಕರೆಯುವುದೂ ಆಮೇಲಿನ ಕೆಲಸವಾಯಿತು. ಬೆಳಗಾದರೆ ಸಾಕು, ಬೇಲಿಯ ಪಕ್ಕ ಕುರ್ಚಿ ಹಾಕಿಕೊಂಡು ದುರ್ಬೀನನ್ನು ಕಣ್ಣಿಗೇರಿಸುವಳು. ಕೆಲಸದವರು ಕಾಫಿಗೆ ಕೂತರೆ, "ಏಳ್ರೋ ಸೋಮಾರಿಗಳಾ!" ಎಂದು ಅಲ್ಲಿಂದಲೇ ಗದರುವಳು. ಅವರ ಮೇಸ್ತ್ರಿಗೆ ಸೇಬಿನ ಪೈ ತಿನ್ನಿಸಿ ಬಾಯಿ ಬಿಡಿಸುವಳು. ಭಾನುವಾರ ಚರ್ಚಿನ ಊಟದಲ್ಲಿ ಆ ಸುದ್ದಿಗೆ ಉಪ್ಪುಖಾರ ಹಚ್ಚಿ ಎಲ್ಲರಿಗೂ ಬಡಿಸುವಳು. "ನಿನ್ನ ಹೊಲದ ಕೆಳಗೆ ಬರೀ ಕಲ್ಲಂತೆ ಕಣೋ ವರ್ಜಿಲ್, ನಿನ್ನ ತಲೆ ಥರಾನೇ!" ಎಂದು ಪಕ್ಕದ ಹೊಲದವನ ಹೊಟ್ಟೆ ಉರಿಸುವಳು. "ಈ ವಯಸ್ಸಲ್ಲೂ ಎಷ್ಟು ಆಸೆ ನೋಡಿ ಮುದುಕಿಗೆ," ಎಂದು ವರ್ಜಿಲ್ ಗೊಣಗುವನು. ತಮ್ಮ ನೆಲದಡಿಯ ಅನಿಲದಲ್ಲಿ ಪಾಲು ಬರಲೆಂದು ಉಳಿದ ಜಮೀನುದಾರರಂತೂ ಬಾಯಿ ಬಿಟ್ಟುಕೊಂಡು ಕಾದಿದ್ದರು. ಕೊನೆಗೊಂದು ಸಂಜೆ ಬಾವಿಯ ಪಕ್ಕದ ಕೊಳವೆಯ ತುದಿಯಲ್ಲಿ ಬೆಂಕಿ ಭಗ್ಗೆಂದಿತು, ಅನಿಲ ಸಿಕ್ಕಿತ್ತು. ಎಲ್ಲರೂ ಟೋಪಿ ಹಾರಿಸಿ ಕುಣಿದರು. ಅಜ್ಜಿ ಮಾತ್ರ ಮೇಸ್ತ್ರಿಯ ತೋಳು ಹಿಡಿದು ಪಕ್ಕಕ್ಕೆ ಎಳೆದಳು. "ಬಾವಿಯ ಪೈಪು ನೆಲದೊಳಗೆ ಅಡ್ಡ ತಿರುಗಿ ನಮ್ಮನೆಯವರ ಸಮಾಧಿ ಕೆಳಗೇ ಹೋಗಿದೆಯಂತಲ್ಲಪ್ಪಾ, ಎಷ್ಟು ಆಳದಲ್ಲಿದೆ?" "ಒಂದು ಮೈಲಿಗಿಂತ ಜಾಸ್ತಿ ಅಜ್ಜಿ. ಮೇಲೆ ಒಂಚೂರೂ ಸದ್ದು ಬರಲ್ಲ." ಅಜ್ಜಿ ನಿಟ್ಟುಸಿರು ಬಿಟ್ಟಳು. "ಹಾಗಾದ್ರೆ ಸರಿ. ಅವರದ್ದು ಮೊದಲಿಂದ್ಲೂ ಕೋಳಿನಿದ್ದೆ ಕಣಪ್ಪಾ. ಇಲಿ ಓಡಾಡಿದ್ರೂ ಎದ್ದು ಕೂತ್ಬಿಡೋರು."