ಸೆರಗಿನೊಳಗಿನ ಹತ್ತು ನಿಮಿಷ

ನನ್ನ ಹಳೆಯ ದಿನಚರಿಯಲ್ಲಿ ಒಂಬತ್ತು ದಿನ ಬಿಡದೆ ಒಂದೇ ವಾಕ್ಯವಿದೆ: ‘ಮಗು ಚೆನ್ನಾಗಿ ಕುಡಿಯಿತು.’ ಅದು ಸುಳ್ಳು. ಬೇರೆ ಯಾರೂ ಓದದ ಪುಸ್ತಕದಲ್ಲಿ ಯಾರಿಗಾಗಿ ಸುಳ್ಳು ಬರೆದೆನೋ ಈಗ ಹೇಳಲಾರೆ. ನೆನಪಿನಲ್ಲಿ ಆ ಒಂಬತ್ತು ದಿನ ಒಂದು ತಿಂಗಳಷ್ಟು ಉದ್ದವಾಗಿದೆ. ದಿನಚರಿಯನ್ನು ಬಿಟ್ಟು ನೆನಪನ್ನಾದರೂ ನಂಬೋಣವೆಂದರೆ, ಅದು ಸಂದು ಸಿಕ್ಕಲ್ಲೆಲ್ಲ ನನ್ನ ಪರವಾಗಿ ವಾದಿಸುತ್ತದೆ.

ತೊಂಬತ್ತರ ದಶಕದ ನಡುವಿನ ಮಾತು. ಮೊದಲ ಹೆರಿಗೆಗೆ ಜಯಲಕ್ಷ್ಮಿಪುರಂನ ತವರಿಗೆ ಬಂದಿದ್ದೆ. ಹೆಣ್ಣು ಮಗು. ಮೂರನೆಯ ದಿನ ಆಸ್ಪತ್ರೆಯಿಂದ ಮನೆಗೆ ಬಂದಾಗ ಅಮ್ಮ ಹಿಂದಿನ ಕೋಣೆಯ ಕಿಟಕಿಗೆ ಕಂಬಳಿ ಹೊದಿಸಿ, ಕೆಂಡಕ್ಕೆ ಸಾಂಬ್ರಾಣಿ ಹಾಕಿ ಸಿದ್ಧಮಾಡಿದ್ದಳು. ಹಾಲು ಹೆಚ್ಚಲೆಂದು ಊಟಕ್ಕೆಲ್ಲ ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು.

ಎದುರು ಮನೆಯಾಕೆ ಬಾಗಿಲಲ್ಲಿ ನಿಂತು ನಗುತ್ತಿದ್ದರು. “ನಿಮ್ಮಮ್ಮನ ಬೆಳ್ಳುಳ್ಳಿ ಗಮ ಗೇಟ್ ತನಕ ಬರ್ತದೆ ಕಣಮ್ಮ. ಇನ್ನು ಹಾಲು ಬರ್ದೆ ಎಲ್ಲೋಯ್ತದೆ?”

ಮಗು ನೋಡಲು ಬಂದ ಸೋದರತ್ತೆ ಮಾತ್ರ ಬೇರೆ ಮಾತಾಡಿದರು. “ಎಂ.ಎ. ಓದ್ದೋರಿಗೆ ಎದೆಹಾಲು ಬರೋದು ಅಷ್ಟರಲ್ಲೇ ಇದೆ. ನೋಡ್ತಿರು, ಇವ್ಳು ಡಬ್ಬಿ ತರುಸ್ತಾಳೆ.”

“ನನ್ನ ಮಗಳು ಡಬ್ಬಿ ಹಾಲು ಮುಟ್ಟಲ್ಲ ಬುಡಿ ಅತ್ತಿಗೆ,” ಎಂದಳು ಅಮ್ಮ. ಅವಳ ಮುಖದಲ್ಲಿ ಹೆಮ್ಮೆಯಿತ್ತು. ಆ ಹೆಮ್ಮೆಯೇ ನನ್ನನ್ನು ಕಟ್ಟಿಹಾಕಿತು ಎಂದು ಬಹಳ ವರ್ಷ ಹೇಳಿಕೊಂಡಿದ್ದೇನೆ. ಈಗ ಅಷ್ಟು ಖಾತ್ರಿಯಿಲ್ಲ. ಸೋದರತ್ತೆ ಗೆಲ್ಲಬಾರದು ಎಂಬ ಹಟ ನನ್ನದೇ ಇದ್ದಿರಬೇಕು.

ಹಾಲು ಹೆಚ್ಚು ಬರಲಿಲ್ಲ. ಮೊಲೆತೊಟ್ಟು ಬಿರಿದು ರಕ್ತ ಒಸರುತ್ತಿತ್ತು. ಮಗು ಬಾಯಿ ಹಾಕಿದರೆ ಕಣ್ಣು ಕತ್ತಲೆ ಬರುತ್ತಿತ್ತು. ನಮ್ಮಲ್ಲಿ ಹಾಲು ಕೊಡುವಾಗ ದೃಷ್ಟಿಯಾಗುತ್ತದೆಂದು ಸೆರಗು ಮುಚ್ಚಿಕೊಳ್ಳುತ್ತೇವೆ. ತನ್ನ ಕಣ್ಣೂ ತಾಕುತ್ತದೆಂದು ಅಮ್ಮ ಗೋಡೆಯತ್ತ ತಿರುಗಿ ಬೆಳ್ಳುಳ್ಳಿ ಸುಲಿಯುತ್ತ ಕೂರುತ್ತಿದ್ದಳು. ಆ ಸೆರಗಿನೊಳಗೆ ಎರಡು ಗುಟುಕಾಗುತ್ತಲೇ ನಾನು ಮಗುವಿನ ಬಾಯಿಯನ್ನು ಮೆಲ್ಲಗೆ ಬಿಡಿಸಿ, ಹೆಗಲಿಗೆ ಒತ್ತಿಕೊಂಡು, ಗಡಿಯಾರದಲ್ಲಿ ಹತ್ತು ನಿಮಿಷ ಕಳೆಯುವುದನ್ನು ಕಾಯುತ್ತಿದ್ದೆ. ಮೊದಮೊದಲು ಮಗಳು ಅಳುತ್ತಿದ್ದಳು. ಆಮೇಲೆ ಸೋತು ನಿದ್ದೆಹೋಗುತ್ತಿದ್ದಳು.

“ಕುಡೀತೇನೇ?” ಅಮ್ಮ ತಿರುಗದೆಯೇ ಕೇಳುತ್ತಿದ್ದಳು.

“ಕುಡೀತಮ್ಮ.”

“ಹೊಟ್ಟೆ ತುಂಬಿದ್ಕೆ ಹೆಂಗೆ ಮಲಗವಳೆ ನೋಡು, ಬಂಗಾರಿ.”

ನಾಳೆ ಗಾಯ ಮಾಯುತ್ತದೆ, ನಾಳೆ ಹಾಲು ಬರುತ್ತದೆ ಎಂದು ನಿಜವಾಗಿ ನಂಬಿದ್ದೆನೇ? ನಂಬಿದ್ದೆ ಎಂದು ಬರೆದರೆ ಓದಲು ಚೆನ್ನಾಗಿರುತ್ತದೆ. ಮಗುವಿನ ಲಂಗೋಟಿಗಳು ಒದ್ದೆಯಾಗದೆ ಒಣಗಿಯೇ ಇರುವುದನ್ನು ನಾನು ಕಂಡಿದ್ದೆ ಎಂಬುದೂ ನಿಜ.

ಮನೆಗೆ ಬಂದ ಒಂಬತ್ತನೆಯ ದಿನ ಎಣ್ಣೆ ಹಚ್ಚುತ್ತಿದ್ದ ಅಮ್ಮನ ಕೈಗೆ ಮಗುವಿನ ತೊಡೆಯ ಚರ್ಮ ಸಡಿಲವಾಗಿ ಸಿಕ್ಕಿತು. ಆಟೋದಲ್ಲಿ ಮಕ್ಕಳ ಡಾಕ್ಟರ ಹತ್ತಿರ ಓಡಿದೆವು. ತಕ್ಕಡಿಯಲ್ಲಿ ಮಲಗಿಸಿದರೆ ಹುಟ್ಟಿದ ದಿನಕ್ಕಿಂತ ಅರ್ಧ ಕೆ.ಜಿ. ಕಡಿಮೆ. “ಇದಕ್ಕೆ ಕಾಯಿಲೆ ಏನಿಲ್ಲಮ್ಮ, ಹಸಿದಿದೆ,” ಎಂದರು ಡಾಕ್ಟರು. ಆಮೇಲೆ ಅಮ್ಮನ ಕಡೆ ತಿರುಗಿ, “ಮನೇಲಿ ದೊಡ್ಡೋರು ನೀವಿದ್ರಿ, ನೋಡ್ಲಿಲ್ವಾ?” ಎಂದು ಕೇಳಿದರು.

“ನಂದೇ ತಪ್ಪು ಡಾಕ್ಟ್ರೇ,” ಎಂದಳು ಅಮ್ಮ. “ಡಬ್ಬಿ ಹಾಲು ಬೇಡ ಅಂದೋಳು ನಾನೇ. ಮಗೀನ ಸಾಯಿಸ್ಬುಡ್ತಿದ್ದೆ.”

ನಾನು ಅಲ್ಲೇ, ಪಕ್ಕದ ಕುರ್ಚಿಯಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ.

ಮಗುವನ್ನು ಎರಡು ದಿನ ಆಸ್ಪತ್ರೆಯಲ್ಲಿ ಇಟ್ಟುಕೊಂಡರು. ಮನೆಗೆ ಬಂದ ಮೇಲೆ ಬಾಟಲಿ. ಕುದಿಸುವುದು, ಆರಿಸುವುದು, ಚಮಚ ಸಮ ಮಾಡಿ ಪುಡಿ ಹಾಕುವುದು, ಮುಂಗೈಗೆ ಹನಿಸಿ ಬಿಸಿ ನೋಡುವುದು. ಎಲ್ಲವನ್ನೂ ಅಮ್ಮನೇ ಕಲಿತಳು. ಮಗು ಅವಳ ತೊಡೆಯ ಮೇಲೆ, ಬೆಳಕಿನಲ್ಲಿ, ಎಲ್ಲರೆದುರು ಕುಡಿಯುತ್ತಿತ್ತು. ಬಾಟಲಿಯಲ್ಲಿ ಹಾಲು ಇಳಿಯುವುದನ್ನು ನೋಡಿದಾಗ ನನಗಾದದ್ದು ನೆಮ್ಮದಿ. ಅದರ ಹಿಂದೆಯೇ ಹೊಟ್ಟೆಕಿಚ್ಚು. ನಾನು ಕೆಲಸ ಮಾಡುವಲ್ಲಿ ಬಸುರಿ ಹುಡುಗಿಯರು ಈಗಲೂ ಕೇಳುವುದುಂಟು: “ಮೇಡಂ, ಎದೆಹಾಲು ಸುಲಭವಾ, ಬಾಟಲಿ ಸುಲಭವಾ?” ನೋವಾದರೆ ಬಾಯಿಬಿಟ್ಟು ಹೇಳಿ ಎನ್ನುತ್ತೇನೆ. ಅವರು ಕೇಳಿದ್ದು ಅದಲ್ಲ ಎಂದು ಗೊತ್ತು. ಎರಡರಲ್ಲೂ ಕಷ್ಟವಿದೆ, ಬಾಟಲಿಯ ಕಷ್ಟವನ್ನು ಇನ್ನೊಬ್ಬರ ಕೈಗೆ ಕೊಡಬಹುದು, ಅಷ್ಟೇ. ನಾನು ಅಮ್ಮನಿಗೆ ಕೊಟ್ಟದ್ದು ಅದನ್ನು ಮಾತ್ರವಲ್ಲ.

ಮಗಳು ತುಂಬಿಕೊಂಡಳು, ಬೆಳೆದಳು. ಅಮ್ಮ ಮಾತ್ರ ಮತ್ತೆ ಮೊದಲಿನಂತಾಗಲಿಲ್ಲ.

ಏಳು ವರ್ಷದ ಮೇಲೆ ನನ್ನ ತಂಗಿ ಅದೇ ಕೋಣೆಗೆ ಬಾಣಂತಿಯಾಗಿ ಬಂದಳು; ನಾನೂ ಆಗಾಗ ಬಂದುಹೋಗುತ್ತಿದ್ದೆ. ಅವಳಿಗೆ ರವಿಕೆ ನೆನೆಯುವಷ್ಟು ಹಾಲು. ಆದರೆ ಅಮ್ಮ ಮೊದಲ ದಿನವೇ ಡಬ್ಬಿ ತಂದಿಟ್ಟಿದ್ದಳು. ಪ್ರತಿ ಸಲ ಹಾಲು ಕೊಟ್ಟ ಮೇಲೂ ಬಾಟಲಿ ಹಿಡಿದು ಬಂದು ನಿಲ್ಲುತ್ತಿದ್ದಳು.

“ಈಗ ತಾನೇ ಕುಡೀತು ಕಣಮ್ಮ.”

“ಸುಮ್ಮನೆ ಚಪ್ಪರಿಸ್ತದೆ ಕಣೇ. ಒಳಗೆ ಹೋಯ್ತೋ ಇಲ್ವೋ ಯಾರಿಗೆ ಗೊತ್ತು? ಬಾಟ್ಲಿ ಆದ್ರೆ ಕಣ್ಣಿಗೆ ಕಾಣ್ತದೆ.”

“ಅಂದ್ರೆ ನಾನು ಸುಳ್ಳು ಹೇಳ್ತಿದೀನಾ?”

“ಅಯ್ಯೋ, ಹಂಗಂದ್ನಾ? ನನ್ನ ಮೇಲೇ ನಂಗೆ ನಂಬ್ಕೆ ಇಲ್ಲ ಕಣೇ.”

ಬಾಟಲಿಯ ರುಚಿ ಹತ್ತಿದ ಮಗು ಎದೆಗೆ ಬಾಯಿ ಹಾಕುವುದು ಕಡಿಮೆಯಾಯಿತು. ತಿಂಗಳೊಳಗೆ ತಂಗಿಯ ಹಾಲೂ ಇಳಿಯಿತು. ಅವಳು ಗೋಡೆಗೆ ಮುಖ ಮಾಡಿ ಅತ್ತದ್ದನ್ನು ನೋಡಿದ ದಿನ ನಾನು ಹಿತ್ತಲಿಗೆ ಹೋದೆ. ಮಧ್ಯಾಹ್ನ. ಅಮ್ಮ ಕಲ್ಲಿನ ಮೇಲೆ ಕೂತು ಬ್ರಶ್ಶಿನಿಂದ ಬಾಟಲಿ ಉಜ್ಜುತ್ತಿದ್ದಳು. ಎಲ್ಲವನ್ನೂ ಹೇಳಿದೆ: ನೋವು, ಸೆರಗು, ಗಡಿಯಾರ. “ತಪ್ಪು ನಿಂದಲ್ಲ ಅಮ್ಮ. ನಾನೇ ಬಾಯಿ ಬಿಡಿಸ್ತಿದ್ದೆ. ಬೇಕಂತ.”

ಅವಳು ಉಜ್ಜುವುದನ್ನು ನಿಲ್ಲಿಸಿ ನನ್ನನ್ನೇ ನೋಡಿದಳು.

“ನನ್ನ ಸಮಾಧಾನಕ್ಕೆ ಅಂತ ಏನೇನೋ ಕಟ್ಬೇಡ ಕಣೇ,” ಎಂದಳು. “ಯಾವ ತಾಯಿ ಹಂಗೆ ಮಾಡ್ತಾಳೆ? ಅಷ್ಟು ದಿನ ಪಕ್ಕದಲ್ಲೇ ಕೂತಿದ್ದೆ, ನಂಗೆ ಗೊತ್ತಾಗಲ್ವಾ?”

ಇನ್ನೊಂದು ಸಲ ಹೇಳಿದೆ.

“ಸಾಕು ಬುಡು.” ಒದ್ದೆ ಕೈಯಿಂದ ನನ್ನ ಕೆನ್ನೆ ಮುಟ್ಟಿದಳು. “ಎಷ್ಟು ಒಳ್ಳೇಳೇ ನೀನು.”

ಮೂರನೆಯ ಸಲ ಹೇಳಬಹುದಿತ್ತು. ಹೇಳಲಿಲ್ಲ. ಆ ಮಾತು ನನಗೆ ಹಿತವಾಯಿತು ಎಂಬುದನ್ನೂ ಇಲ್ಲಿ ಬರೆಯಬೇಕು. ಅಮ್ಮ ಬಾಟಲಿಯ ನೀರು ಕೊಡವಿ, ಬೆಳಕಿಗೆ ಹಿಡಿದು ಒಳಗೆಲ್ಲ ನೋಡಿ, ತಂಗಿಯ ಕೋಣೆಯ ಕಡೆ ನಡೆದಳು.