ಫ್ಯಾನಿನ ಕೆಳಗೆ ಕೋಳಿಮರಿ

ಗಜೇಂದ್ರಗಡದ ಗುಡ್ಡದ ಮೇಲೆ ಸಾಲಾಗಿ ನಿಂತ ಗಾಳಿಯಂತ್ರಗಳನ್ನು ಸುತ್ತಲಿನ ಊರವರು ಫ್ಯಾನ್ ಎಂದೇ ಕರೆಯುತ್ತಾರೆ. ಅವುಗಳ ಹಗಲು ಕಾವಲಿಗೆ ಇರುವವನು ಜಂಗ್ಲಿಸಾಬ. ಮೊದಲು ಅವನು ನೇಕಾರ. ಕೈಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟುಕೊಂಡು ಸೀರೆ ನೇಯುತ್ತಲೇ ಐವತ್ತು ದಾಟಿದ. ಆಮೇಲೆ ಹತ್ತಿರದ ಎಳೆ ಮಸುಕಾಗತೊಡಗಿತು, ದೂರದ್ದು ಮಾತ್ರ ಚೆನ್ನಾಗಿ ಕಾಣುತ್ತಿತ್ತು. ಮಗ್ಗಕ್ಕೆ ಒದಗದ ಕಣ್ಣು ಕಾವಲಿಗೆ ಸಾಕು ಎಂದು ಹೆಂಡತಿ ಖಾಜಾಬಿ ಅವನನ್ನು ಗುಡ್ಡಕ್ಕೆ ಕಳಿಸಿದಳು.

ಹೋದ ವರ್ಷ ಮುಂಗಾರು ಶುರುವಾಗುವ ಹೊತ್ತಿಗೆ ಅನ್ನಪೂರ್ಣೇಶ್ವರಿ ಎಂಬ ಹುಡುಗಿ ಸ್ಕೂಟಿಯಲ್ಲಿ ಗುಡ್ಡ ಹತ್ತಿ ಬಂದಳು. ನರೇಗಲ್ಲಿನವಳು, ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದುತ್ತಿದ್ದಳು. ಈ ರೆಕ್ಕೆಗಳಿಗೆ ಸಿಕ್ಕು ಎಷ್ಟು ಹಕ್ಕಿ, ಎಷ್ಟು ಬಾವಲಿ ಸಾಯುತ್ತವೆ ಎಂಬುದು ಅವಳ ಅಧ್ಯಯನ. ಕಂಪನಿಯ ಒಪ್ಪಿಗೆ ಪಡೆದೇ ಬಂದಿದ್ದಳು. ಮೊದಲ ದಿನವೇ ಜಂಗ್ಲಿಸಾಬನನ್ನು ಕೇಳಿದಳು.

“ಇಷ್ಟು ವರ್ಷದಾಗ ಒಂದ ಗುಬ್ಬಿ ಸತ್ತದ್ದೂ ಕಂಡಿಲ್ಲ ನೋಡವ್ವಾ” ಎಂದ ಅವನು.

ಅವಳು ಅದನ್ನೂ ಬರೆದುಕೊಂಡಳು. ಮುಂದಿನ ವಾರ ಥರ್ಮೋಕೋಲ್ ಪೆಟ್ಟಿಗೆಯೊಂದನ್ನು ತಂದಳು. ಒಳಗೆ ಕೋಳಿ ಫಾರ್ಮಿನಲ್ಲಿ ತಾವಾಗಿಯೇ ಸತ್ತ ಮರಿಗಳು, ಒಂದೊಂದರ ಕಾಲಿಗೂ ಗುರುತಿಗೆಂದು ಕಟ್ಟಿದ ಕೆಂಪು ದಾರ. ಸಂಜೆ ಮನೆಗೆ ಹೊರಡುವಾಗ ಇವನ್ನು ಫ್ಯಾನುಗಳ ಕೆಳಗೆ ಅಲ್ಲಲ್ಲಿ ಇಟ್ಟು, ಮುಂಜಾನೆ ಬಂದು ಎಷ್ಟು ಉಳಿದಿವೆ ನೋಡಿ ಹೇಳಬೇಕು ಎಂದಳು. ಜಂಗ್ಲಿಸಾಬ ಒಳಗೊಳಗೇ ನಕ್ಕ. ಸತ್ತ ಮರಿ ಎದ್ದು ಎಲ್ಲಿಗೆ ಹೋದೀತು?

ಮರುದಿನ ಬಂದು ನೋಡಿದರೆ ಒಂದೂ ಇರಲಿಲ್ಲ. ಮುಳ್ಳುಕಂಟಿಯ ಬುಡದಲ್ಲಿ ಒಂದು ತುಂಡು ಕೆಂಪು ದಾರ ಮಾತ್ರ ಸಿಕ್ಕಿತು.

“ಯಾರ ಒಯ್ದ್ರು ಹಂಗಾರ?” ಎಂದು ಅವಳನ್ನೇ ಕೇಳಿದ.

“ಅದನ್ನ ನೀವ ಹುಡುಕಬೇಕ್ರಿ ಕಾಕಾ. ಸತ್ತದ್ದು ನೀವು ಬರೂತನಾ ಇಲ್ಲಿ ಉಳೀತದೋ ಇಲ್ಲೋ, ನನಗ ಅದ ಬೇಕಾಗಿರೂದು.”

ಆ ಮಾತು ಅವನ ತಲೆಯಲ್ಲಿ ಹೊಕ್ಕು ಕೂತಿತು. ಬಿಸಿಲೇರಿದ ಮೇಲೆ ಕೆಲಸಕ್ಕೆ ಬರುತ್ತಿದ್ದವನು ನಸುಕಿನಲ್ಲೇ ಹೊರಡತೊಡಗಿದ. ಕಾವಲುಗಾರನಿಗೆ ಕೋಳಿಮರಿಯ ಹುಚ್ಚು ಹಿಡಿಯಿತೆಂದು ಖಾಜಾಬಿ ಗೊಣಗುತ್ತಲೇ ಬುತ್ತಿ ಕಟ್ಟಿ ಕೊಡುತ್ತಿದ್ದಳು. ಬಂಡೆಯ ಮರೆಯಲ್ಲಿ ಕೂತು ನೋಡಿದರೆ ಕಾಗೆ ಬಂತು, ಮುಂಗುಸಿ ಬಂತು. ಒಂದು ಮರಿಯನ್ನು ಇರುವೆಗಳೇ ಒಳಗಿನಿಂದ ಬರಿದು ಮಾಡಿ ಕೊಕ್ಕು ಮತ್ತು ದಾರ ಉಳಿಸಿದ್ದವು. ಇಷ್ಟೆಲ್ಲ ಬಾಯಿಗಳು ತನ್ನ ಕಾವಲಿನಲ್ಲೇ ಓಡಾಡುತ್ತಿದ್ದವೆಂದು ಅವನಿಗೆ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ಕಾಲಿಗೆ ದಾರ ಕಟ್ಟಿದ ಮರಿಯೊಂದು ಕುರಿ ಕಾಯುವ ಪರಶಪ್ಪನ ಕಣ್ಣಿಗೆ ಬಿತ್ತು. ಸಾಬ ಗುಡ್ಡದ ಮೇಲೆ ಮಾಟ ಮಾಡುತ್ತಿದ್ದಾನೆಂದು ಊರಲ್ಲಿ ಸುದ್ದಿ ಹಬ್ಬಿ, ನಾಲ್ಕೈದು ಮಂದಿ ಏರಿ ಬಂದರು. ಅನ್ನಪೂರ್ಣೇಶ್ವರಿ ಅವತ್ತು ಊರಲ್ಲಿರಲಿಲ್ಲ. ಜಂಗ್ಲಿಸಾಬ ಎದ್ದು ಅವರ ಎದುರಿಗೆ ಹೋದ. ಪೆಟ್ಟಿಗೆ ತೋರಿಸಿದ, ಅಧ್ಯಯನದ ವಿಷಯ ಹೇಳಿದ. ಯಾರ ಮುಖವೂ ಸಡಿಲಾಗಲಿಲ್ಲ. ದಾರ ಯಾಕೆ ಕಟ್ಟಿದ್ದೀ ಎಂದು ಪರಶಪ್ಪ ಮತ್ತೆ ಮತ್ತೆ ಕೇಳಿದ.

“ನಾ ಹೇಳಿದ್ರ ನೀ ನಂಬೂದಿಲ್ಲ ಪರಶಪ್ಪಾ. ನಾಳೆ ನಸುಕಿನ್ಯಾಗ ಬಾ. ನನ್ನ ಬಾಜೂಕ ಕುಂತ ನೋಡು.”

ಉಳಿದವರು ಬರಲಿಲ್ಲ, ಪರಶಪ್ಪ ಬಂದ. ಕಂಬಳಿ ಹೊದ್ದು ಇಬ್ಬರೂ ಬಂಡೆಯ ಹಿಂದೆ ಕೂತರು. ಬೆಳಕು ಹರಿಯುತ್ತಿದ್ದಂತೆ ಬಾಲದ ತುದಿ ಕಪ್ಪಗಿದ್ದ ಸಣ್ಣ ನರಿಯೊಂದು ಬಂತು. ಒಂದು ಮರಿಯನ್ನು ಅಲ್ಲೇ ತಿಂದಿತು. ಇನ್ನೊಂದನ್ನು ಕಚ್ಚಿಕೊಂಡು ದೂರ ಹೋಗಿ, ಮಣ್ಣು ಕೆದರಿ ಹೂತು, ಮೂತಿಯಿಂದ ಮೇಲೆ ಮಣ್ಣು ತಳ್ಳಿತು. ಪರಶಪ್ಪ ಹುಟ್ಟಿದಾಗಿನಿಂದ ನರಿ ಅಟ್ಟಿದವನು. ನರಿ ಹೀಗೆ ಹೂತಿಡುವುದನ್ನು ಎಂದೂ ನಿಂತು ನೋಡಿರಲಿಲ್ಲ.

“ನಾಳಿಗೆ ಇಟಗೊಂತಲ್ಲೋ” ಎಂದು ಪಿಸುಗುಟ್ಟಿದ.

ಊರಿಗೆ ಹೋಗಿ ಅವನೇ ಚಹಾದ ಅಂಗಡಿಯಲ್ಲಿ ನರಿಯ ಕಥೆ ಹೇಳಿದ. ಮಾಟದ ಮಾತು ಅಲ್ಲಿಗೆ ತಣ್ಣಗಾಯಿತು.

ಆಷಾಢದ ಒಂದು ನಸುಕಿನಲ್ಲಿ ಜಂಗ್ಲಿಸಾಬನಿಗೆ ಫ್ಯಾನಿನ ಕೆಳಗೆ ಸಿಕ್ಕದ್ದು ಕೋಳಿಮರಿಯಲ್ಲ, ಅಂಗೈಯಲ್ಲಿ ಅಡಗುವಷ್ಟು ಸಣ್ಣ ಬಾವಲಿ. ಎಲ್ಲೂ ಗಾಯವಿಲ್ಲ. ಅನ್ನಪೂರ್ಣೇಶ್ವರಿ ಹೇಳಿಕೊಟ್ಟಂತೆ ಕೈಗೆ ಪ್ಲಾಸ್ಟಿಕ್ ಚೀಲ ಸುತ್ತಿಕೊಂಡು ಎತ್ತಿದ. ರೆಕ್ಕೆ ಬಿಡಿಸಿ ಬೆಳಕಿಗೆ ಹಿಡಿದರೆ, ಜೀವಮಾನವಿಡೀ ನೇಯ್ದವನಿಗೂ ಅಂಥ ತೆಳು ಬಟ್ಟೆ ಗೊತ್ತಿರಲಿಲ್ಲ. ಅದನ್ನು ಒಂದು ಡಬ್ಬಿಯಲ್ಲಿಟ್ಟು ಅವಳು ಬರುವವರೆಗೆ ಕಾದ.

“ನಾ ಸುಳ್ಳ ಹೇಳಿದ್ದಿಲ್ಲವ್ವಾ. ಆದ್ರ ಹೇಳಿದ್ದು ಖರೇನೂ ಅಲ್ಲ” ಎಂದ.

ಇಟ್ಟ ಮರಿಗಳಲ್ಲಿ ಹೆಚ್ಚಿನವು ಬೆಳಗಾಗುವುದರೊಳಗೆ ಮಾಯವಾಗುತ್ತವೆಂದರೆ, ನಮಗೆ ಸಿಕ್ಕ ಒಂದು ಬಾವಲಿಯ ಹಿಂದೆ ಸಿಗದವು ಇನ್ನೆಷ್ಟೋ ಇರಬೇಕು, ಆ ಲೆಕ್ಕಕ್ಕೇ ಈ ಮರಿಗಳು ಬೇಕಾಗಿದ್ದವು ಎಂದು ಅವಳು ವಿವರಿಸಿದಳು. ಗಾಯವಿಲ್ಲದೆ ಹೇಗೆ ಸತ್ತಿತು ಎಂದು ಅವನು ಕೇಳಿದ. ರೆಕ್ಕೆಯ ಪಕ್ಕ ಗಾಳಿಯ ಒತ್ತಡ ಒಮ್ಮೆಲೇ ಇಳಿದು ಒಳಗಿನ ಪುಪ್ಪುಸ ಒಡೆಯುತ್ತದೆಂದು ಕೆಲವರು ಹೇಳುತ್ತಾರೆ, ಕೆಲವರು ಒಪ್ಪುವುದಿಲ್ಲ ಎಂದಳು. ಓದಿದವರಿಗೂ ಇನ್ನೂ ಗೊತ್ತಾಗದ್ದು ತನ್ನ ಡಬ್ಬಿಯಲ್ಲಿದೆ ಎಂಬುದು ಅವನಿಗೆ ಸೋಜಿಗವೆನಿಸಿತು.

ಗಾಳಿ ಮಂದವಿದ್ದಾಗಲೇ ಬಾವಲಿಗಳು ಹೆಚ್ಚು ಹಾರುತ್ತವೆ, ಅಂಥ ರಾತ್ರಿಗಳಲ್ಲಿ ಕೆಲವು ಫ್ಯಾನುಗಳನ್ನು ನಿಲ್ಲಿಸಿ ನೋಡೋಣ ಎಂದು ಅವಳು ಕಂಪನಿಯವರನ್ನು ಕೇಳಿಕೊಂಡಳು. ಈ ವರ್ಷದ ಮಳೆಗಾಲಕ್ಕೆ ಎರಡು ಫ್ಯಾನುಗಳ ಮಟ್ಟಿಗೆ ಒಪ್ಪಿದ್ದಾರೆ.

ಈಗ ಅವಳು ಧಾರವಾಡದಲ್ಲಿ ಪ್ರಬಂಧ ಬರೆಯುತ್ತಿದ್ದಾಳೆ. ಹೋದ ತಿಂಗಳು ಪರಶಪ್ಪ ಟವೆಲಿನಲ್ಲಿ ಸುತ್ತಿ ಒಂದು ಸತ್ತ ಹಕ್ಕಿ ತಂದ. ಉದ್ದ ಕಾಲು, ಹಿಂಬೆರಳೇ ಇಲ್ಲ. ಇಬ್ಬರಿಗೂ ಗುರುತು ಹತ್ತಲಿಲ್ಲ. ಫೋಟೊ ಕಳಿಸಿದರೆ, ಫೋಟೊ ನೋಡಿ ಖಾತ್ರಿ ಹೇಳಲಾರೆ, ತಣ್ಣಗಿಡಿ, ನಾಳೆಯೇ ಬರುತ್ತೇನೆ ಎಂದು ಅವಳು ಉತ್ತರಿಸಿದಳು. ಹಕ್ಕಿಯನ್ನು ಫ್ರಿಜ್ಜಿನೊಳಗೆ ಬಿಡುವುದೇ ಇಲ್ಲವೆಂದು ಖಾಜಾಬಿ ಬಾಗಿಲಲ್ಲೇ ತಡೆದಳು. ಬಹಳ ಹೊತ್ತು ಬೈದ ಮೇಲೆ ಗಂಟು ಇಸಿದುಕೊಂಡು, ಅಂಗಳದ ಬೆಳಕಿಗೆ ಹೋಗಿ ತಾನೇ ಮೆಲ್ಲಗೆ ಬಿಚ್ಚಿ ನೋಡತೊಡಗಿದಳು.